ಹಳೆಯ ಗಾಳದ ಕೋಲು ಕಲಿಸಿದ ಪಾಠ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದ ಎರಡನೆಯ ತಂಡದವನು. ಮನೆ ಹಲಸೂರಿನಲ್ಲಿತ್ತು. ಶಾಲೆ ಮುಗಿದ ಮೇಲೆ ಕೃಷ್ಣರಾಜಪುರದ ಹತ್ತಿರ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿ, ಟರ್ನರ್ ಆಗಿ, ಕೊನೆಗೆ ಟೂಲ್ ರೂಮಿನಿಂದ ನಿವೃತ್ತನಾದೆ. ಸಮಿತಿಯವರು ಮನೆಗೆ ಬಂದು "ನಿಮ್ಮ ಸಾಧನೆಯ ಬಗ್ಗೆ ಅರ್ಧ ಗಂಟೆ ಮಾತಾಡಿ" ಎಂದರು. ನಮ್ಮ ತಂಡದಲ್ಲಿ ಡಾಕ್ಟರಾದವರಿದ್ದಾರೆ, ತಹಶೀಲ್ದಾರರಾದವರಿದ್ದಾರೆ. ಸಾಧನೆಯನ್ನು ಅವರು ಹೇಳಲಿ. ನನಗೆ ಇರುವುದು ಒಂದು ಹವ್ಯಾಸ. ಗುಜರಿಗೆ ಬಿದ್ದ ಹಳೆಯ ಗಾಳದ ಕೋಲು, ರೀಲುಗಳನ್ನು ತಂದು ರಿಪೇರಿ ಮಾಡುತ್ತೇನೆ. ರಿಪೇರಿಯಾದ ಮೇಲೆ ಅವನ್ನೇ ತೆಗೆದುಕೊಂಡು ಹೋಗಿ ಸಮುದ್ರದಲ್ಲಿ ಮೀನು ಹಿಡಿಯುತ್ತೇನೆ. ಅದರ ಬಗ್ಗೆ ಮಾತಾಡಬಹುದೇ ಎಂದು ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಆಗಲಿ ಸಾರ್" ಎಂದರು. ಬೆಂಗಳೂರಿನಲ್ಲಿ ಸಮುದ್ರ ಎಲ್ಲಿದೆ ಎಂಬ ಪ್ರಶ್ನೆಯನ್ನು ಮರ್ಯಾದೆಗಾಗಿ ಕೇಳಲಿಲ್ಲ.

ಸಭೆಯಲ್ಲಿ ಮೀನು ತಿನ್ನುವವರೂ ಇದ್ದೀರಿ, ತಿನ್ನದವರೂ ಇದ್ದೀರಿ. ಇಬ್ಬರಿಗೂ ತೊಂದರೆಯಿಲ್ಲ. ನಾನು ಇವತ್ತು ಹೇಳುವುದರಲ್ಲಿ ಮೀನು ಸ್ವಲ್ಪ, ಸಾಮಾನು ಹೆಚ್ಚು.

ಮೊದಲು ಈ ಮೇಜಿನ ಮೇಲಿರುವ ಕೋಲನ್ನು ನೋಡಿ. ದೂರದಿಂದ ಒಂದೇ ಬಿದಿರಿನ ಕಡ್ಡಿಯಂತೆ ಕಾಣುತ್ತದೆ. ಹತ್ತಿರ ಬಂದು ಬೆರಳಾಡಿಸಿದರೆ ಆರು ಮುಖ ಸಿಗುತ್ತವೆ. ಗಟ್ಟಿ ಬಿದಿರನ್ನು ಉದ್ದಕ್ಕೆ ಸೀಳಿ, ಒಂದೊಂದು ಸೀಳನ್ನೂ ತ್ರಿಕೋನವಾಗಿ ಹತ್ತರಿ ಹೊಡೆದು, ಆರನ್ನು ಸೇರಿಸಿ ಸರೇಸಿನಿಂದ ಅಂಟಿಸಿದ್ದಾರೆ. ಒಂಬತ್ತನೆಯ ತರಗತಿಯ ಮಕ್ಕಳು ಹೇಳಬೇಕು, ಸಮಬಾಹು ತ್ರಿಭುಜದ ಒಂದು ಕೋನ ಎಷ್ಟು? 60 ಡಿಗ್ರಿ. ಆರು ಸೇರಿದರೆ 360. ಅಂದರೆ ನಡುವೆ ಒಂದು ಕೂದಲಿನಷ್ಟೂ ಸಂದಿ ಇರುವಂತಿಲ್ಲ. ಬಿದಿರಿನ ಶಕ್ತಿಯೆಲ್ಲ ಇರುವುದು ಅದರ ಹೊರ ಸಿಪ್ಪೆಯ ಕೆಳಗಿನ ನಾರಿನಲ್ಲಿ, ಒಳಗಿನದು ಮೆತ್ತಗೆ. ಹೀಗೆ ಜೋಡಿಸಿದಾಗ ಆರು ಕಡೆಯೂ ಗಟ್ಟಿ ನಾರು ಹೊರಮುಖವಾಗಿ ನಿಲ್ಲುತ್ತದೆ, ಮೆತ್ತನೆಯದು ಒಳಗೆ ಅಡಗುತ್ತದೆ. ಬುಡದಿಂದ ತುದಿಗೆ ಹೋಗುತ್ತ ಪ್ರತಿ ಸೀಳೂ ಸಣ್ಣದಾಗುತ್ತ ಹೋಗಬೇಕು. ಮಿಲಿಮೀಟರಿನ ಹತ್ತನೇ ಒಂದು ಭಾಗ ತಪ್ಪಿದರೂ ಕೋಲು ಬಾಗುವ ಜಾಗ ಬದಲಾಗುತ್ತದೆ. ನಲವತ್ತು ವರ್ಷ ಲೇತ್ ಮುಂದೆ ನಿಂತವನು ನಾನು. ಇದನ್ನು ಕೈ ಹತ್ತರಿಯಲ್ಲಿ ಮಾಡಿದವನಿಗೆ ಎದ್ದು ನಿಂತು ಕೈ ಮುಗಿಯುತ್ತೇನೆ.

ಈ ಕೋಲಿನ ವಂಶಾವಳಿ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡ್, ಅಮೆರಿಕದಲ್ಲಿ ಸೀಳು ಬಿದಿರಿನ ಕೋಲು ಮಾಡಲು ಶುರು ಮಾಡಿದಾಗ ಅವರು ಬಳಸಿದ್ದು ನಮ್ಮ ದೇಶದ ಬಿದಿರು. ಕಲ್ಕತ್ತೆಯ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಅದಕ್ಕೆ ಕಲ್ಕತ್ತಾ ಕೇನ್ ಎಂದೇ ಹೆಸರು. 1900ರ ಆಸುಪಾಸಿನಲ್ಲಿ ಚೀನಾದ ಗುವಾಂಗ್‌ಡಾಂಗ್ ಕಡೆಯ, ಗಂಟು ಕಡಿಮೆಯಿರುವ ಟಾಂಕಿನ್ ಬಿದಿರು ಸಿಕ್ಕ ಮೇಲೆ ಅದರತ್ತ ತಿರುಗಿದರು. 1950ರಲ್ಲಿ ಅಮೆರಿಕ ಚೀನಾದೊಂದಿಗೆ ವ್ಯಾಪಾರ ನಿಲ್ಲಿಸಿದಾಗ ಅಲ್ಲಿ ಬಿದಿರೇ ಸಿಗದಂತಾಗಿ, ಫೈಬರ್ ಗ್ಲಾಸ್ ಕೋಲುಗಳ ಕಾಲ ಬೇಗ ಬಂತು.

ದಾರದ ಕಥೆಯೂ ಹೀಗೆಯೇ. ನೈಲಾನ್ ಬರುವ ಮೊದಲು ಗಾಳದ ಮುಳ್ಳಿಗೂ ಉದ್ದ ದಾರಕ್ಕೂ ನಡುವೆ ನೀರಿನಲ್ಲಿ ಕಾಣದಂಥ ಒಂದು ತೆಳ್ಳನೆ ಎಳೆ ಬೇಕಾಗಿತ್ತು. ಅದು ರೇಷ್ಮೆ ಹುಳುವಿನಿಂದ ಬರುತ್ತಿತ್ತು. ನಮ್ಮಲ್ಲಿ ವಿಜಯಪುರ, ಶಿಡ್ಲಘಟ್ಟದ ಕಡೆಯಿಂದ ಬಂದ ಮಕ್ಕಳಿಗೆ ಹಣ್ಣುಹುಳು ಎಂದರೆ ಗೊತ್ತು, ಗೂಡು ಕಟ್ಟಲು ಸಿದ್ಧವಾದ ಹುಳು. ಸ್ಪೇನಿನ ಮೂರ್ಸಿಯಾ ಎಂಬಲ್ಲಿ ಅಂಥ ಹುಳುವನ್ನು ಗೂಡು ಕಟ್ಟಲು ಬಿಡದೆ ವಿನೆಗರ್‌ನಲ್ಲಿ ನೆನೆಸಿ, ಒಳಗಿನ ರೇಷ್ಮೆ ಗ್ರಂಥಿಯನ್ನು ಎಳೆದು ಒಂದೇ ಎಳೆ ಮಾಡುತ್ತಿದ್ದರು. ಒಣಗಿದಾಗ ಅದು ಕಡ್ಡಿಯಂತೆ ಮುರಿಯುತ್ತದೆ. ಆದ್ದರಿಂದ ಗಾಳ ಹಾಕುವ ಮೊದಲು ನೆನೆಸಲೇಬೇಕು. ನಮ್ಮ ಬಿದಿರು, ಸ್ಪೇನಿನ ರೇಷ್ಮೆ, ಇಂಗ್ಲೆಂಡಿನ ರೆಡ್ಡಿಚ್ ಊರಿನ ಉಕ್ಕಿನ ಮುಳ್ಳು, ನಾಟಿಂಗ್‌ಹ್ಯಾಮ್ ಕಡೆಯ ಮರದ ರೀಲು. ಇಷ್ಟೆಲ್ಲ ಸೇರಿ ಒಬ್ಬ ಸಾಹೇಬನ ಕೈಯಲ್ಲಿ ಒಂದು ಗಾಳದ ಕೋಲಾಗುತ್ತಿತ್ತು.

ಆ ಸಾಹೇಬ ನಮ್ಮ ದಂಡಿನ ಪ್ರದೇಶಕ್ಕೂ ಬಂದ. 1809ರಲ್ಲಿ ಹಲಸೂರಿನ ಪಕ್ಕದಲ್ಲಿ ಕಂಟೋನ್ಮೆಂಟ್ ಶುರುವಾಯಿತು. ದಂಡಿನ ಅಧಿಕಾರಿಗಳಿಗೆ ಕುದುರೆ, ಬಂದೂಕದ ಜೊತೆಗೆ ಗಾಳದ ಕೋಲೂ ಒಂದು ಸಾಮಾನು. ಹೆನ್ರಿ ಸಲಿವನ್ ಥಾಮಸ್ ಎಂಬ ಮದ್ರಾಸ್ ಸಿವಿಲ್ ಸರ್ವಿಸ್ ಅಧಿಕಾರಿ ದಕ್ಷಿಣ ಕನ್ನಡದಲ್ಲಿ ಕೆಲಸ ಮಾಡಿದವರು. ಭಾರತದಲ್ಲಿ ಗಾಳ ಹಾಕುವುದರ ಬಗ್ಗೆ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಬರೆದರು. ಅದು 1873ರಲ್ಲಿ ಮೊದಲು ಪ್ರಕಟವಾದದ್ದು ಮಂಗಳೂರಿನಲ್ಲಿ. 1887ರಲ್ಲಿ ಕೆರೆಗಳಲ್ಲಿ ಗಾಳ ಹಾಕುವುದಕ್ಕೆಂದೇ 'ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ' ಎಂಬ ಇನ್ನೊಂದು ಪುಸ್ತಕ ಬರೆದರು. ದೊಡ್ಡ ಮೀನಿನ ಆಸೆಯಿದ್ದವರು ಕಾವೇರಿ, ಕಬಿನಿಗೆ ಹೋಗುತ್ತಿದ್ದರು. ಅಲ್ಲಿ ಮಹಸೀರ್ ಇತ್ತು, ನದಿ ದಂಡೆಯವರು ಬಿಳಿ ಮೀನು ಎನ್ನುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಒಬ್ಬರು ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡ್, ಅಂದರೆ 54 ಕಿಲೋಗೂ ಹೆಚ್ಚು ತೂಗಿತು. ಹಳೆಯ ಫೋಟೋಗಳಲ್ಲಿ ಮೀನಿನ ಪಕ್ಕ ಕೋಲು ಹಿಡಿದವನ ಹೆಸರಿರುತ್ತದೆ. ಹರಿಗೋಲು ಹಾಕಿದವನ, ಮೀನು ಯಾವ ಬಂಡೆಯ ಹಿಂದೆ ಇದೆ ಎಂದು ತೋರಿಸಿದವನ, ಮುಳ್ಳಿಗೆ ರಾಗಿ ಹಿಟ್ಟಿನ ಉಂಡೆ ಕಟ್ಟಿಕೊಟ್ಟವನ ಹೆಸರು ಇರುವುದು ಅಪರೂಪ. ಇತಿಹಾಸ ಓದುವ ಮಕ್ಕಳು ಇಂಥ ಫೋಟೋ ನೋಡುವಾಗ ಅಂಚಿನಲ್ಲಿ ನಿಂತವರನ್ನೂ ನೋಡಬೇಕು.

ನಮ್ಮ ಬಾಲ್ಯದ ಗಾಳ ಬೇರೆ. ಮೇದರ ಅಂಗಡಿಯಲ್ಲಿ ಒಂದು ಬಿದಿರು ಕಡ್ಡಿ, ಎರಡು ಮಾರು ದಾರ, ಒಂದು ಮುಳ್ಳು, ನವಿಲುಗರಿಯ ದಂಟು ಕತ್ತರಿಸಿ ಮಾಡಿದ ಬೆಂಡು, ತೆಂಗಿನ ಚಿಪ್ಪಿನಲ್ಲಿ ಎರೆಹುಳು. ಹಲಸೂರು ಕೆರೆ, ಕೃಷ್ಣರಾಜಪುರದ ಆಚೆ ಎಲೆ ಮಲ್ಲಪ್ಪ ಶೆಟ್ಟಿ ಕೆರೆ, ಭಾನುವಾರ ಎಲ್ಲಿ ಕಾವಲುಗಾರ ಕಾಣದಿದ್ದರೆ ಅಲ್ಲಿ. ಸಿಕ್ಕಿದ್ದು ಮನೆಯ ಸಾರಿಗೆ. ಅದರಲ್ಲಿ ರೀಲು ಎಂಬುದು ಇರಲಿಲ್ಲ. ಕೋಲಿನ ಉದ್ದ, ದಾರದ ಉದ್ದ ಸೇರಿದರೆ ನಮ್ಮ ರಾಜ್ಯದ ಗಡಿ ಮುಗಿಯಿತು. ಆ ಗಡಿಯಾಚೆ ನೀರಿನಲ್ಲಿ ಮೀನು ಎದ್ದು ಬಿದ್ದರೆ ನೋಡಿಕೊಂಡು ಕೂರುವುದು ಅಷ್ಟೆ.

ರೀಲನ್ನು ನಾನು ಮೊದಲು ಕೈಯಲ್ಲಿ ಹಿಡಿದದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳ ಮೇಲೆ, ಶಿವಾಜಿನಗರದ ಗುಜರಿಯಲ್ಲಿ. ಹಳೆಯ ಬಂಗಲೆಗಳು ಖಾಲಿಯಾದಾಗ ಕುರ್ಚಿ, ಕನ್ನಡಿ, ಗಡಿಯಾರಗಳು ಹರಾಜಿಗೆ ಹೋಗುತ್ತಿದ್ದವು. ಹರಾಜಿನಲ್ಲೂ ಯಾರಿಗೂ ಬೇಡವಾದದ್ದು ಗುಜರಿಗೆ ಬರುತ್ತಿತ್ತು. ಸ್ಕೂಟರ್ ಬಿಡಿಭಾಗಗಳ ರಾಶಿಯಲ್ಲಿ ಊಟದ ತಟ್ಟೆಗಿಂತ ಚಿಕ್ಕದಾದ ಒಂದು ದುಂಡನೆ ಮರದ ಸಾಮಾನು ಬಿದ್ದಿತ್ತು. ಹಿಂದೆ ನಕ್ಷತ್ರದ ಆಕಾರದ ಹಿತ್ತಾಳೆ ಪಟ್ಟಿ, ಮುಂದೆ ಎರಡು ಕೊಂಬಿನ ಹಿಡಿ.

"ಇದೇನು ಭಾಯ್?" ಎಂದೆ.

"ಗಾಳಿಪಟದ ಚರಕಿ ಇರಬೇಕು ಸಾರ್. ದೊಡ್ಡ ಮನೆಯವರದು" ಎಂದರು ಅಂಗಡಿಯವರು.

ಹಿತ್ತಾಳೆಯ ತೂಕಕ್ಕೆ ದುಡ್ಡು ಹೇಳಿದರು, ಮರವನ್ನು ಪುಕ್ಕಟೆ ಕೊಟ್ಟರು. ಅದೇ ಈ ರೀಲು. ಮರ ಅಕ್ರೋಟಿನದು. ಮರ ಎಂದರೆ ನೀರಿನಲ್ಲಿ ಉಬ್ಬುತ್ತದೆ, ಬಿಸಿಲಿನಲ್ಲಿ ಡೊಂಕಾಗುತ್ತದೆ. ಡೊಂಕಾಗದಂತೆ ಬಿಗಿ ಹಿಡಿಯಲು ಬೆನ್ನಿಗೆ ಈ ಹಿತ್ತಾಳೆ ನಕ್ಷತ್ರ. ಹಡಗುಕಟ್ಟೆಯ ಮೇಲೆ ನಿಂತು ಸಮುದ್ರದಲ್ಲಿ ಮೀನು ಹಿಡಿಯುವ ಸಾಮಾನ್ಯ ಜನರಿಗಾಗಿ ಇಂಗ್ಲೆಂಡಿನಲ್ಲಿ ಇಂಥವನ್ನು ಹೇರಳವಾಗಿ ಮಾಡುತ್ತಿದ್ದರು. ಮಾಡಿದವರ ಹೆಸರು ಇದರ ಮೇಲಿಲ್ಲ. ಯಾರ ಟ್ರಂಕಿನಲ್ಲಿ ಕುಳಿತು ನಮ್ಮ ಊರಿಗೆ ಬಂತೋ ಹೇಳಲು ಅದಕ್ಕೂ ಬಾಯಿಲ್ಲ.

ಮನೆಗೆ ತಂದು ಹಳೆಯ ದಿನಪತ್ರಿಕೆ ಹಾಸಿ ಬಿಚ್ಚಲು ಕುಳಿತೆ. ಈ ಶಾಲೆಯಲ್ಲಿ ನಮಗೆ ವಾರಕ್ಕೆ ಎರಡು ಪೀರಿಯಡ್ ಕ್ರಾಫ್ಟ್ ಇತ್ತು. ಮೇಷ್ಟ್ರು ಒಂದು ಕೆಟ್ಟ ಅಲಾರಾಂ ಗಡಿಯಾರ ತಂದು ಮುಂದಿಟ್ಟು ಹೇಳುತ್ತಿದ್ದರು, "ಯಾವುದನ್ನು ಮೊದಲು ಬಿಚ್ಚಿದೆಯೋ ಅದನ್ನು ಎಡಗಡೆ ಇಡು. ಆಮೇಲಿನದು ಅದರ ಪಕ್ಕ. ಕೂಡಿಸುವಾಗ ಬಲಗಡೆಯಿಂದ ಬಾ." ಅಷ್ಟೇ ಪಾಠ. ಗಡಿಯಾರ ಮತ್ತೆ ಓಡಿತೋ ಇಲ್ಲವೋ ಅವರಿಗೆ ಮುಖ್ಯವಾಗಿರಲಿಲ್ಲ, ಸಾಲು ತಪ್ಪಬಾರದಿತ್ತು. ಕಾರ್ಖಾನೆಯಲ್ಲಿ ಕೋಟಿಗಟ್ಟಲೆ ಬೆಲೆಯ ಯಂತ್ರಗಳನ್ನು ಬಿಚ್ಚಿದಾಗಲೂ ನಾನು ಎಡಗಡೆಯಿಂದಲೇ ಇಟ್ಟಿದ್ದೇನೆ.

ರೀಲಿನೊಳಗೆ ಇದ್ದದ್ದು ಹದಿಮೂರು ಬಿಡಿಭಾಗ. ಎಣ್ಣೆ ಒಣಗಿ ಅರಗಿನಂತಾಗಿತ್ತು. ಹಿತ್ತಾಳೆಗೆ ಕಿಲುಬು. ನಡುವಿನ ಉಕ್ಕಿನ ಕಡ್ಡಿ ಸವೆದು ಚಕ್ರ ಅಲ್ಲಾಡುತ್ತಿತ್ತು. ಒಂದು ತಿರುಪು ಇರಲೇ ಇಲ್ಲ. ಪೇಟೆಯಲ್ಲಿ ಈಗ ಸಿಗುವ ತಿರುಪು ಅದಕ್ಕೆ ಕೂರುವುದಿಲ್ಲ. ಯಾಕೆ ಗೊತ್ತೇ? ಈಗಿನ ಮೆಟ್ರಿಕ್ ತಿರುಪಿನ ಹಲ್ಲಿನ ಕೋನ 60 ಡಿಗ್ರಿ. ಹಳೆಯ ಬ್ರಿಟಿಷ್ ವಿಟ್‌ವರ್ಥ್ ತಿರುಪಿನದು 55. ಸಣ್ಣ ಉಪಕರಣಗಳಿಗೆ ಅವರು ಬಳಸುತ್ತಿದ್ದ ಬಿ.ಎ. ತಿರುಪಿನದು ನಲವತ್ತೇಳೂವರೆ. ಕಣ್ಣಿಗೆ ಒಂದೇ ಥರ ಕಾಣುತ್ತವೆ, ಒಂದರೊಳಗೊಂದು ಎರಡು ಸುತ್ತು ಹೋಗಿ ಕಚ್ಚಿಕೊಂಡು ನಿಲ್ಲುತ್ತವೆ.

ಇಲ್ಲಿ ನನ್ನ ಕಾರ್ಖಾನೆ ನನ್ನ ಕೈ ಹಿಡಿಯಿತು. ಐ.ಟಿ.ಐ. 1948ರಲ್ಲಿ ಶುರುವಾದದ್ದು ಇಂಗ್ಲೆಂಡಿನ ಕಂಪನಿಯೊಂದರ ತಾಂತ್ರಿಕ ನೆರವಿನಿಂದ. ಆಗಿನ ಸ್ಟ್ರೌಜರ್ ಟೆಲಿಫೋನ್ ಎಕ್ಸ್‌ಚೇಂಜ್ ಬ್ರಿಟಿಷ್ ವಿನ್ಯಾಸದ್ದು, ಅದರ ತಿರುಪುಗಳು ಬಿ.ಎ. ಅಳತೆಯವು. ಆ ಅಳತೆಯ ಥ್ರೆಡ್ಡು ಕೊರೆಯುವುದನ್ನು ನಾನು ಅಪ್ರೆಂಟಿಸ್ ಆಗಿದ್ದಾಗಲೇ ಕಲಿತಿದ್ದೆ. ಒಬ್ಬ ಗೆಳೆಯನ ಸಣ್ಣ ವರ್ಕ್‌ಶಾಪಿನಲ್ಲಿ ಹಿತ್ತಾಳೆ ಕಡ್ಡಿಯೊಂದನ್ನು ಲೇತಿಗೆ ಕಟ್ಟಿ ತಿರುಪು ಮಾಡಿದೆ. ಕಂಚಿನ ಬುಶ್ ಮಾಡಿ ಕೂರಿಸಿದೆ. ಮರಕ್ಕೆ ಅಗಸೆ ಎಣ್ಣೆ ಉಜ್ಜಿದೆ. ಹಿತ್ತಾಳೆಯನ್ನು ಹುಣಸೆ ಹಣ್ಣಿನಲ್ಲಿ ತೊಳೆದೆನೇ ಹೊರತು ಪಳಪಳ ಹೊಳೆಯುವಂತೆ ಪಾಲಿಶ್ ಮಾಡಲಿಲ್ಲ. ವಯಸ್ಸಾದವರ ಮುಖದ ಗೆರೆ ಅಳಿಸಬಾರದು. ಎಲ್ಲ ಕೂಡಿಸಿ ಹಿಡಿಗೆ ಬೆರಳು ತಾಗಿಸಿ ಬಿಟ್ಟೆ. ಚಕ್ರ ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು. ಅಡುಗೆ ಮನೆಯಿಂದ ಬಂದ ನನ್ನ ಮನೆಯವರು ಅದು ನಿಲ್ಲುವವರೆಗೂ ನಿಂತು ನೋಡಿದರು. ಅವರು ನನ್ನ ಯಾವ ಕೆಲಸವನ್ನೂ ಅಷ್ಟು ಹೊತ್ತು ನೋಡಿದ್ದು ನೆನಪಿಲ್ಲ.

ಸಮುದ್ರಕ್ಕೆ ಮಾಡಿದ ರೀಲನ್ನು ಸಮುದ್ರಕ್ಕೇ ಕರೆದುಕೊಂಡು ಹೋಗಬೇಕು ಅನ್ನಿಸಿತು. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಉಡುಪಿ, ಅಲ್ಲಿಂದ ಮಲ್ಪೆ. ಅಂದಿನಿಂದ ಪ್ರತಿ ವರ್ಷ ನವೆಂಬರಿನಿಂದ ಫೆಬ್ರವರಿಯೊಳಗೆ ಎರಡು ಮೂರು ಸಲ ಹೋಗುತ್ತೇನೆ. ಮಲ್ಪೆಯ ಕಲ್ಲಿನ ತಡೆಗೋಡೆ, ಇಲ್ಲವೇ ಶಾಂಭವಿ, ನಂದಿನಿ ನದಿಗಳು ಕೂಡಿ ಸಮುದ್ರ ಸೇರುವ ಸಸಿಹಿತ್ಲಿನ ಅಳಿವೆ. ಮೊದಲ ದಿನ ಅಲ್ಲಿನ ಹಿರಿಯ ಮೊಗವೀರರೊಬ್ಬರು ನನ್ನ ಪಕ್ಕ ಬಂದು ನಿಂತರು. ಅವರ ಕೈಯಲ್ಲಿ ಕೋಲೂ ಇರಲಿಲ್ಲ, ರೀಲೂ ಇರಲಿಲ್ಲ. ಒಂದು ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ ನೈಲಾನ್ ದಾರ, ಒಂದು ಸೀಸದ ಗುಂಡು, ಮುಳ್ಳಿಗೆ ಸಿಗಡಿ.

"ಎಂಥ ಮಾರಾಯ್ರೆ, ಇದು ಗಾಳವಾ, ನೂಲು ತೆಗೆಯುವ ರಾಟೆಯಾ?" ಎಂದು ಕೇಳಿದರು.

ಶಿವಾಜಿನಗರದಲ್ಲಿ ಚರಕಿ, ಮಲ್ಪೆಯಲ್ಲಿ ರಾಟೆ. ಇಬ್ಬರೂ ಹೇಳಿದ್ದು ಸರಿಯೇ. ಇದು ಒಂದು ಅಚ್ಚಿನ ಮೇಲೆ ತಿರುಗುವ ಒಂದು ಚಕ್ರ, ಬೇರೇನೂ ಅಲ್ಲ. ನಾನು ಒಂದು ಮೀನು ಹಿಡಿಯುವಷ್ಟರಲ್ಲಿ ಅವರು ನಾಲ್ಕು ಹಿಡಿದಿದ್ದರು. "ನಿಮ್ಮ ರಾಟೆಯನ್ನು ನಂಬಿ ಮನೆಯಲ್ಲಿ ಅಕ್ಕಿ ಕಡೆಯಲಿಕ್ಕೆ ಹೇಳಬೇಡಿ" ಎಂದು ಬುದ್ಧಿಯನ್ನೂ ಹೇಳಿದರು. ಅವರಿಗೆ ಅದು ಹೊಟ್ಟೆಪಾಡು, ನನಗೆ ಸಂತೋಷ. ಈ ವ್ಯತ್ಯಾಸವನ್ನು ನಾನು ಯಾವಾಗಲೂ ನೆನಪಿನಲ್ಲಿಟ್ಟುಕೊಂಡು ಅವರಿಗೆ ದಾರಿ ಬಿಟ್ಟು ಪಕ್ಕದಲ್ಲಿ ನಿಲ್ಲುತ್ತೇನೆ.

ಇದರಲ್ಲಿ ಮೀನು ಹಿಡಿಯುವುದು ಹೇಗೆ ಎಂದು ಹೇಳುತ್ತೇನೆ, ಮಕ್ಕಳು ಲೆಕ್ಕ ಹಾಕಿ. ಚಕ್ರದ ವ್ಯಾಸ ಐದು ಇಂಚು, ಅಂದರೆ 12.7 ಸೆಂಟಿಮೀಟರ್. ಪೈಯಿಂದ ಗುಣಿಸಿದರೆ ಸುತ್ತಳತೆ ಸುಮಾರು 40 ಸೆಂಟಿಮೀಟರ್. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಬರುವುದು 40 ಸೆಂಟಿಮೀಟರ್ ದಾರ. ಮೀನು 40 ಮೀಟರ್ ದೂರದಲ್ಲಿದ್ದರೆ 100 ಸುತ್ತು. ದಾರ ಹೊರಗೆ ಹೋದಷ್ಟೂ ಸುತ್ತಿನ ವ್ಯಾಸ ಕುಗ್ಗುವುದರಿಂದ ನಿಜವಾಗಿ ಇನ್ನೂ ಹೆಚ್ಚು. ಈಗಿನ ರೀಲಿನಲ್ಲಿ ಹಲ್ಲಿನ ಚಕ್ರಗಳಿರುತ್ತವೆ, ಹಿಡಿ ಒಂದು ಸುತ್ತು ತಿರುಗಿದರೆ ಒಳಗೆ ನಾಲ್ಕೈದು ಸುತ್ತು ಆಗುತ್ತದೆ. ಮೀನು ಜೋರಾಗಿ ಎಳೆದರೆ ತಾನೇ ಜಾರಿ ದಾರ ಬಿಡುವ ಬ್ರೇಕೂ ಇರುತ್ತದೆ.

ಈ ಹಳೆಯ ರೀಲಿನಲ್ಲಿ ಬ್ರೇಕು ಎಂದರೆ ನನ್ನ ಹೆಬ್ಬೆರಳು. ಎಸೆಯುವಾಗ ಸೀಸದ ಗುಂಡು ಹಾರುತ್ತಿದ್ದಂತೆ ಚಕ್ರ ಭರ್ರನೆ ತಿರುಗುತ್ತದೆ. ಗುಂಡು ನೀರಿಗೆ ಬಿದ್ದ ಕ್ಷಣ ಹೆಬ್ಬೆರಳು ಚಕ್ರದ ಅಂಚನ್ನು ಮುಟ್ಟಬೇಕು. ಒಂದು ಕ್ಷಣ ತಡವಾದರೆ ಚಕ್ರ ತಿರುಗುತ್ತಲೇ ಇರುತ್ತದೆ, ದಾರ ಮುಂದೆ ಹೋಗದೆ ಅಲ್ಲೇ ಸಿಕ್ಕಾಗುತ್ತದೆ. ಒಂದು ಸಲ ತಡೆಗೋಡೆಯ ಕೆಳಗೆ ಮುರು ಮೀನು ಕಚ್ಚಿತು. ಮುರು ಬಂಡೆಯ ಸಂದಿಯಲ್ಲಿ ವಾಸಿಸುವ ಮೀನು, ಮುಳ್ಳು ಚುಚ್ಚಿದ ಕೂಡಲೇ ಮನೆಯೊಳಗೆ ನುಗ್ಗಲು ನೋಡುತ್ತದೆ. ಹಿಡಿಗಳು ಹಿಂದಕ್ಕೆ ತಿರುಗಿ ಬೆರಳ ಗಂಟಿಗೆ ಪಟಪಟನೆ ಹೊಡೆದವು. ಅಂಗೈಯನ್ನು ಚಕ್ರದ ಅಂಚಿಗೆ ಒತ್ತಿದೆ. ಎಷ್ಟು ಒತ್ತಿದರೆ ದಾರ ತುಂಡಾಗುತ್ತದೆ, ಎಷ್ಟು ಬಿಟ್ಟರೆ ಮೀನು ಬಂಡೆಯೊಳಗೆ ಹೋಗುತ್ತದೆ ಎಂಬುದನ್ನು ಆಗ ಯಾವ ಪುಸ್ತಕವೂ ಹೇಳುವುದಿಲ್ಲ. ಕೋಲು ಬುಡದವರೆಗೆ ಬಾಗಿತು. ವಿಜ್ಞಾನದ ಮೇಷ್ಟ್ರು ಸನ್ನೆಯ ಪಾಠ ಮಾಡಿರುತ್ತಾರೆ. ಗಾಳದ ಕೋಲು ಮೂರನೆಯ ದರ್ಜೆಯ ಸನ್ನೆ, ಉದ್ದವಾದಷ್ಟೂ ಅನುಕೂಲವಾಗುವುದು ಮೀನಿಗೇ. ಹಾಗಾದರೆ ಕೋಲು ಯಾಕೆ ಬೇಕು? ಬಾಗುವುದಕ್ಕೆ. ಮೀನಿನ ಒಂದೊಂದು ಜಗ್ಗನ್ನೂ ಬಿದಿರು ತಾನು ನುಂಗಿಕೊಂಡು ದಾರವನ್ನು ಉಳಿಸುತ್ತದೆ. ಕೊನೆಗೆ ಮೇಲೆ ಬಂದದ್ದು ಒಂದೂವರೆ ಕಿಲೋ ಇರಬಹುದು. ಆ ಹಿರಿಯರು ಬಂದು ನೋಡಿ, ರೀಲಿನ ಅಂಚನ್ನು ಬೆರಳಿನಿಂದ ಮುಟ್ಟಿ, "ರಾಟೆ ಅಡ್ಡಿಯಿಲ್ಲ" ಎಂದರು. ನಿವೃತ್ತಿಯ ದಿನ ಕೊಟ್ಟ ಶಾಲಿಗಿಂತ ಆ ಮಾತು ನನಗೆ ಹೆಚ್ಚು ಬೆಚ್ಚಗಿದೆ.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಉಪ್ಪು ನೀರು ಹಿತ್ತಾಳೆಯನ್ನೂ ಉಕ್ಕನ್ನೂ ತಿನ್ನುತ್ತದೆ. ಅದೇ ರಾತ್ರಿ ರೀಲನ್ನು ಬಿಚ್ಚಿ ಸಿಹಿ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ತೆಳು ಎಣ್ಣೆ ಹಾಕಬೇಕು. ದಾರವನ್ನು ಪೂರ್ತಿ ಬಿಚ್ಚಿ ಒಣಗಿಸಬೇಕು. ಹಳೆಯ ಕಾಲದ ಹತ್ತಿ, ನಾರಗಸೆಯ ದಾರಗಳನ್ನು ಒದ್ದೆಯಾಗಿಯೇ ಬಿಟ್ಟರೆ ಕೊಳೆತು ಹೋಗುತ್ತಿದ್ದವು. ಅಂದರೆ ಎರಡು ಗಂಟೆ ಮೀನು ಹಿಡಿದರೆ ಒಂದು ಗಂಟೆ ಸಾಮಾನಿನ ಸೇವೆ. ಹೀಗೆ ಸೇವೆ ಮಾಡಿದವರಿದ್ದುದರಿಂದಲೇ ಇದು ಇಷ್ಟು ವರ್ಷ ಉಳಿಯಿತು.

ಇದನ್ನೆಲ್ಲ ನಾನು ಇವತ್ತು ಇಲ್ಲಿ ಹೇಳುತ್ತಿರುವುದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಮೀನಿನದು. ಈ ರೀಲು ಒಬ್ಬ ಮನುಷ್ಯನ ಕೈಯ ಅಳತೆಗೆ ಮಾಡಿದ್ದು. ಕೈ ಸೋತರೆ ಮೀನಿಗೆ ಗೆಲುವು. ನಮ್ಮ ಬಲಕ್ಕೆ ಆ ಅಳತೆ ಇಲ್ಲದೆ ಹೋದಾಗ ಏನಾಗುತ್ತದೆ ಎಂದು ನಾವು ನೋಡಿದ್ದೇವೆ. ಕಾವೇರಿಯ ಆ ಕಿತ್ತಳೆ ರೆಕ್ಕೆಯ, ಡುಬ್ಬ ಬೆನ್ನಿನ ಮಹಸೀರ್ ಅನ್ನು 2018ರಲ್ಲಿ ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿ ಎಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿಸಿದರು. ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಬೇರೆ ಕಡೆಯ ಮಹಸೀರ್ ಮರಿಗಳನ್ನು ತಂದು ಅದೇ ನದಿಗೆ ಬಿಟ್ಟದ್ದು, ಎಲ್ಲವೂ ಸೇರಿ ಹೀಗಾಯಿತು. ನಾವು ಆಡಿದ ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಆ ಮೀನುಗಳನ್ನು ಯಾರೂ ಗಾಳ ಹಾಕಿ ಕೊಂದಿರಲಿಲ್ಲ. ಸಮುದ್ರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಮೀನು ಮೊಟ್ಟೆಯಿಡುವ ಕಾಲವೆಂದು, ಯಾಂತ್ರಿಕ ದೋಣಿಗಳಿಗೆ ರಜೆ ಕೊಡುತ್ತಾರೆ. ನಾನೂ ಆ 61 ದಿನ ನನ್ನ ಕೋಲನ್ನು ಚೀಲದಿಂದ ತೆಗೆಯುವುದಿಲ್ಲ. ಅಂಗೈ ಉದ್ದಕ್ಕಿಂತ ಚಿಕ್ಕ ಮೀನು ಸಿಕ್ಕರೆ ಮುಳ್ಳು ಬಿಡಿಸಿ ನೀರಿಗೆ ಬಿಡುತ್ತೇನೆ. ಇದರಿಂದ ಸಮುದ್ರ ಉದ್ಧಾರವಾಗುವುದಿಲ್ಲ, ನನ್ನ ಲೆಕ್ಕ ಸರಿ ಇರುತ್ತದೆ.

ಎರಡನೆಯದು ನಿಮ್ಮದು, ಮಕ್ಕಳೆ. ಈ ರೀಲು ನನಗೆ ಅರ್ಥವಾದದ್ದು ಅದನ್ನು ಬಿಚ್ಚಲು ಬಂದದ್ದರಿಂದ. ಹದಿಮೂರು ಭಾಗ, ಒಂದು ಸ್ಕ್ರೂಡ್ರೈವರ್. ನಿಮ್ಮ ಕೈಯಲ್ಲಿರುವ ಫೋನು ನನ್ನ ಕಾರ್ಖಾನೆಯಲ್ಲಿ ಒಂದು ಕಟ್ಟಡದ ತುಂಬ ಇದ್ದ ಎಕ್ಸ್‌ಚೇಂಜಿಗಿಂತ ಹೆಚ್ಚು ಬುದ್ಧಿವಂತ. ನಾನು ಅದನ್ನು ಬೈಯಲು ಬಂದಿಲ್ಲ. ಆದರೆ ಅದನ್ನು ಅಂಟು ಹಾಕಿ ಮುಚ್ಚಿದ್ದಾರೆ. ಕೆಟ್ಟರೆ ಬಿಸಾಡಿ ಹೊಸದು ಕೊಳ್ಳಬೇಕು. ಒಂದು ಇಡೀ ಪೀಳಿಗೆ, ಸಾಮಾನುಗಳ ಹೊರಮೈಯನ್ನು ಮಾತ್ರ ಮುಟ್ಟಿ ಬೆಳೆಯುತ್ತಿದೆ. ಕಾರ್ಖಾನೆಗಳಿಂದಲೇ ಬೆಳೆದ ಕಡೆ ನಮ್ಮ ಈ ಪೂರ್ವ ಬೆಂಗಳೂರು. ಐ.ಟಿ.ಐ., ಎಚ್.ಎ.ಎಲ್., ಎನ್.ಜಿ.ಇ.ಎಫ್., ಇವುಗಳ ಸೈರನ್ನಿಗೆ ಈ ಬೀದಿಗಳು ಏಳುತ್ತಿದ್ದವು. ಈ ಶಾಲೆಯ ಮಕ್ಕಳ ಅಪ್ಪಂದಿರು ಬೆರಳ ತುದಿಯಲ್ಲಿ ಕಬ್ಬಿಣದ ಒರಟು ನಯ ಹೇಳುತ್ತಿದ್ದರು. ಅವರೊಂದಿಗೆ ಆ ಬೆರಳೂ ಹೋಗಿಬಿಟ್ಟರೆ ಅದನ್ನು ಯಾವ ಗುಜರಿಯಲ್ಲೂ ಹುಡುಕಿ ತರಲಾಗುವುದಿಲ್ಲ.

ನಾವು ಕ್ರಾಫ್ಟ್ ಕಲಿತ ಕೊಠಡಿ ಈಗಲೂ ಹಿಂದಿನ ಸಾಲಿನ ಕೊನೆಯಲ್ಲಿದೆ. ಬೆಳಿಗ್ಗೆ ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ಬೀಗ ತೆಗೆಸಿ ನೋಡಿದೆ. ಮುರಿದ ಬೆಂಚು, ಹಳೆಯ ಪಠ್ಯಪುಸ್ತಕದ ಕಟ್ಟುಗಳು. ಗೋಡೆಯ ಮೇಲೆ ಸುತ್ತಿಗೆ, ಇಕ್ಕಳ ತೂಗುಹಾಕಲು ಬರೆದ ಬಣ್ಣದ ಗೆರೆಗಳು ಹಾಗೇ ಇವೆ. ಗೋಡೆಗೆ ಸುಣ್ಣ ಹೊಡೆಯುವವರಿಗೆ ಅವನ್ನು ಅಳಿಸಬೇಡಿ ಎಂದು ಹೇಳಿ ಬಂದಿದ್ದೇನೆ.

ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಒಂದು ಬೇಡಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ನಡೆಯುತ್ತಿದೆ. ಕಮಾನು ಚೆನ್ನಾಗಿರುತ್ತದೆ. ಅದಕ್ಕಿಂತ ಮೊದಲು ಆ ಕೊಠಡಿಯನ್ನು ಖಾಲಿ ಮಾಡಿಸೋಣ. ನಾಲ್ಕು ಗಟ್ಟಿ ಬೆಂಚು, ಎರಡು ವೈಸು, ಒಂದು ಪೆಟ್ಟಿಗೆ ಆಯುಧ ಸಾಕು. ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ನಾನು ಬರುತ್ತೇನೆ. ನನ್ನಂತೆ ನಿವೃತ್ತರಾದ ಇಬ್ಬರು ಫಿಟ್ಟರುಗಳು, ಒಬ್ಬರು ಎಲೆಕ್ಟ್ರಿಷಿಯನ್ ಬರುತ್ತೇವೆಂದು ಒಪ್ಪಿದ್ದಾರೆ. ಮನೆಯಲ್ಲಿ ಕೆಟ್ಟ ಮಿಕ್ಸಿ, ಫ್ಯಾನು, ಸೈಕಲ್ಲು, ಹೊಲಿಗೆ ಯಂತ್ರ ಏನಿದ್ದರೂ ಮಕ್ಕಳು ತರಲಿ. ಹುಡುಗಿಯರು ಮೊದಲ ಸಾಲಿನಲ್ಲಿ ಕೂರಲಿ. ನಮ್ಮ ಕಾಲದಲ್ಲಿ ಅವರನ್ನು ಹೊಲಿಗೆ ಕ್ಲಾಸಿಗೆ ಕಳಿಸಿ ನಮಗೆ ಮಾತ್ರ ಸುತ್ತಿಗೆ ಕೊಡುತ್ತಿದ್ದರು, ಆ ಲೆಕ್ಕವೂ ಸರಿಯಾಗಬೇಕು.

ಈ ಮರದ ರೀಲನ್ನು ನಾನು ಇವತ್ತು ಶಾಲೆಗೆ ಕೊಟ್ಟು ಹೋಗುತ್ತಿದ್ದೇನೆ. ಮುಖ್ಯೋಪಾಧ್ಯಾಯರು ಗಾಜಿನ ಕಪಾಟಿನಲ್ಲಿ ಇಡುತ್ತೇವೆ ಎಂದರು. ದಯವಿಟ್ಟು ಬೇಡ ಎಂದು ಕೇಳಿಕೊಂಡಿದ್ದೇನೆ. ಇದು ಆ ಕೊಠಡಿಯ ಮೇಜಿನ ಮೇಲಿರಲಿ, ಪಕ್ಕದಲ್ಲಿ ಸ್ಕ್ರೂಡ್ರೈವರ್ ಇರಲಿ. ಎಂಟನೆಯ ತರಗತಿಗೆ ಬಂದ ಪ್ರತಿ ಮಗುವೂ ಒಂದು ಸಲ ಇದನ್ನು ಬಿಚ್ಚಿ ಕೂಡಿಸಲಿ. ತಿರುಪು ಕಳೆದರೆ ನನಗೆ ಹೇಳಿ ಕಳಿಸಿ, ಮಾಡಿಕೊಡುತ್ತೇನೆ. ಇನ್ನು ಐದಾರು ವರ್ಷದಲ್ಲಿ ನಿಮ್ಮಲ್ಲೇ ಯಾರಾದರೂ ಅದನ್ನು ಮಾಡಿ, ನನಗೆ ತಂದು ತೋರಿಸುವಂತಾದರೆ ಇನ್ನೂ ಒಳ್ಳೆಯದು.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದೀರಿ. ಗಾಳ ಹಾಕುವವರಿಗೆ ಬೇಕಾದ ಮೊದಲ ಗುಣ ನಿಮ್ಮಲ್ಲಿ ಈಗಾಗಲೇ ಇದೆ ಎಂದು ತಿಳಿಯಿತು.